ಕುಮ್ಕಿ ಎಂದರೆ ಆನೆಯಲ್ಲ

ಕಳೆದ ಬೇಸಗೆಯಲ್ಲಿ ನಮ್ಮ ತೋಟಕ್ಕೆ ಇಬ್ಬರು ಸರ್ವೆಯ ಹುಡುಗರು ಬಂದರು. ಕೇರಳದಲ್ಲಿ 2022ರ ನವೆಂಬರ್ 1ರಂದು ಸುರುವಾದ ಡಿಜಿಟಲ್ ಮರುಸರ್ವೆಗೆ ‘ಎಂಡೆ ಭೂಮಿ’ ಎಂದು ಹೆಸರು. ನನ್ನ ಭೂಮಿ ಎಂದರ್ಥ. ಆ ದಿನ ನಮ್ಮಲ್ಲಿ ಕೇರಳಪ್ಪಿರವಿ, ಗಡಿಯಾಚೆ ರಾಜ್ಯೋತ್ಸವ. 1956ರ ಅದೇ ತಾರೀಕಿಗೆ ಕಾಸರಗೋಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳದ ಪಾಲಾದದ್ದು. ಅಂಥ ದಿನ ಹುಟ್ಟಿದ ಸರ್ವೆ ನಮ್ಮ ಅಂಗಳಕ್ಕೆ ಬಂದು ಮಾತಿನ ತೊಡಕಿಲ್ಲದೆ ಮುಗಿದೀತೇ?

ತೋಟದ ಮೂಲೆಗಳನ್ನೆಲ್ಲ ತೋರಿಸಿದೆ. ಅಗಳು, ಕಲ್ಲು, ಬೇಲಿ, ಎಲ್ಲವೂ ಸಲೀಸು. ಕೊನೆಗೆ ಒಬ್ಬ ತಲೆಯೆತ್ತಿ ಮೇಲಿನ ಬೋಳುಗುಡ್ಡೆ ಯಾರದ್ದೆಂದು ಕೇಳಿದ.

“ಅದ್ ಕುಮ್ಕಿ” ಎಂದೆ.

“ಕುಂಕಿಯಾನಯೋ, ಚೇಟ್ಟಾ?”

ತೆಂಕಣ ಜಿಲ್ಲೆಯವ, ಪಾಪ. ನಮ್ಮೂರಿನವನಾಗಿದ್ದರೆ ‘ಏಟ್ಟಾ’ ಎನ್ನುತ್ತಿದ್ದ. ಕಾಡಾನೆ ಹಿಡಿಯಲು ಒಯ್ಯುವ ಪಳಗಿದ ಆನೆಯನ್ನು ಅವನು ಟೀವಿಯಲ್ಲಿ ಕಂಡಿದ್ದಾನೆ. ಗುಡ್ಡೆಯನ್ನು ಆ ಹೆಸರಿನಿಂದ ಕರೆಯುವವರನ್ನು ಕಂಡಿಲ್ಲ. ನಕ್ಕುಬಿಟ್ಟೆ. ಆದರೆ ಅವನು ಹೇಳಿದ್ದು ಪೂರಾ ತಪ್ಪೂ ಅಲ್ಲ. ಪಾರಸಿಯ ಕುಮಕ್ ಎಂದರೆ ನೆರವು. ಆನೆಗೆ ಆ ಹೆಸರು ಬಂದದ್ದೂ ಅದರಿಂದಲೇ, ನಾವು ಕನ್ನಡದಲ್ಲಿ ಜಗಳಕ್ಕೆ ಕೊಡುವ ಕುಮ್ಮಕ್ಕೂ ಅದರಿಂದಲೇ. ತೀರ್ವೆ ಕಟ್ಟುವ ವರ್ಗದ ಜಾಗದ ಸುತ್ತ ನೂರು ಗಜದೊಳಗಿನ ಸರಕಾರಿ ಬಂಜರಿನಿಂದ ಸೊಪ್ಪು, ಸೌದೆ, ಹುಲ್ಲು ತರಬಹುದು, ದನ ಮೇಯಿಸಬಹುದು ಎಂಬುದು ಬ್ರಿಟಿಷರ ಕಾಲದ ದಕ್ಷಿಣ ಕನ್ನಡದ ಕಟ್ಟಲೆ. ಒಡೆತನವಿಲ್ಲ, ಉಪಯೋಗ ಉಂಟು. ಇಷ್ಟನ್ನು ಮಲಯಾಳದಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಬೆವರಿಳಿಯಿತು. ವಿಲ್ಲೇಜ್ ಆಫೀಸಿನಲ್ಲಿ ನಮ್ಮ ತೀರ್ವೆ ‘ನಿಗುದಿ’ಯಾಗಿ ಎಷ್ಟೋ ಕಾಲವಾಯಿತು. ಕುಮ್ಕಿಗೆ ಮಾತ್ರ ಇನ್ನೊಂದು ಪದ ನನಗೆ ಸಿಕ್ಕಿಲ್ಲ.

ನಾನು ಬೆಳೆದದ್ದು ಈ ನೂರು ಗಜದಲ್ಲಿ. ತೋಟ ಇರುವುದು ಕೆಳಗೆ ಬೈಲಿನಲ್ಲಿ. ಅಲ್ಲಿ ಮಕ್ಕಳಿಗೆ ಕೆಲಸ ಉಂಟು, ಬೈಗುಳ ಉಂಟು: ಅಡಿಕೆ ಹೆಕ್ಕು, ಸಸಿ ತುಳಿಯಬೇಡ. ಗುಡ್ಡೆ ಹತ್ತಿದರೆ ಹೇಳುವವರಿಲ್ಲ, ಕೇಳುವವರಿಲ್ಲ. ನೆತ್ತಿಯಲ್ಲಿ ಅಡ್ಕ, ಅಂದರೆ ಮುರಕಲ್ಲಿನ ಹಾಸು, ಮೇಲೆ ಒಂದು ಗೇಣು ಮಣ್ಣೂ ಇಲ್ಲದ ಬಟ್ಟಬಯಲು. ಬದಿಯಡ್ಕ, ಪಳ್ಳತ್ತಡ್ಕ, ಅಡ್ಕಸ್ಥಳ ಎಂದು ನಮ್ಮ ಊರುಗಳ ಹೆಸರಲ್ಲೆಲ್ಲ ಇರುವ ಅಡ್ಕ ಇದೇ. ಮಲಯಾಳದ ಬೋರ್ಡಿನಲ್ಲಿ ಬದಿಯಡ್ಕ ‘ಬದಿಯಡುಕ್ಕ’ ಆಗುತ್ತದೆ. ಅಡುಕ್ಕದಲ್ಲಿ ಒಂದು ಸ್ವರ ಬದಲಾದರೆ ಅಡಕ್ಕ, ಅಂದರೆ ಅಡಿಕೆ! ಬೋಳುಗುಡ್ಡೆಯೂ ಅಡಿಕೆ ತೋಟವೂ ಒಂದೇ ಸ್ವರದ ಅಂತರದಲ್ಲಿ. ನಮ್ಮ ಮನೆಯ ನಕ್ಷೆಯೂ ಹೆಚ್ಚುಕಡಿಮೆ ಹಾಗೆಯೇ.

ಅಡ್ಕಕ್ಕೆ ವರ್ಷದಲ್ಲಿ ಹಲವು ವೇಷ. ಏಪ್ರಿಲ್, ಮೇಯಲ್ಲಿ ಬರಿಗಾಲಿಡಲು ಸಾಧ್ಯವಿಲ್ಲ, ಕಾದ ಕಾವಲಿ. ಆಗಲೇ ಅಂಚಿನ ಪೊದೆಗಳಲ್ಲಿ ಕುಂಟಲಹಣ್ಣು, ಕೇಪಳಹಣ್ಣು, ಇಳಿಜಾರಿನಲ್ಲಿ ಗೇರುಹಣ್ಣು. ಗೇರನ್ನು ಮಲಯಾಳದಲ್ಲಿ ಪರಂಗಿಮಾವು ಎನ್ನುವುದುಂಟು, ಪರಂಗಿಗಳ ಮಾವು. ಪೋರ್ಚುಗೀಸರು ತಂದದ್ದನ್ನು ಆ ಭಾಷೆ ಇನ್ನೂ ಮರೆತಿಲ್ಲ. ಅಂಗಿಯ ಮೇಲೆ ಗೇರಿನ ಸೊನೆ ಬಿದ್ದರೆ ಆ ಕಲೆ ಅಂಗಿ ಹರಿದರೂ ಹೋಗದು. ಅಮ್ಮ ಅದನ್ನು ಮರೆತಿಲ್ಲ.

ಮಳೆ ಹಿಡಿದ ಮೇಲೆ ಕಲ್ಲಿನ ಗುಂಡಿಗಳೆಲ್ಲ ಪಳ್ಳಗಳಾಗುತ್ತವೆ. ಕನ್ನಡದ ಹೂ ಮಲಯಾಳದಲ್ಲಿ ಪೂ, ಹುಲಿ ಅಲ್ಲಿ ಪುಲಿ. ಪಳ್ಳವನ್ನು ಮಾತ್ರ ನಾವು ಹಳ್ಳ ಮಾಡಲಿಲ್ಲ, ಅವರ ಪಳ್ಳಂ ನಮಗೂ ಪಳ್ಳವೇ. ಆಗಸ್ಟಿನ ಹೊತ್ತಿಗೆ ಆ ತೇವದಲ್ಲಿ ಅಂಗೈಯಗಲ ಜಾಗ ಬಿಡದೆ ನೀಲಿ ಹೂ. ನೆರೆಮನೆಯ ಮಕ್ಕಳು ಅದನ್ನು ‘ಕಾಕ್ಕಪ್ಪೂ’ ಎಂದು ಓಣಂನ ಪೂಕ್ಕಳಕ್ಕೆ ಕೊಯ್ಯುತ್ತಿದ್ದರು. ನಾನೂ ತಂಗಿಯೂ ಅಜ್ಜಿಯ ಸೋಣದ ಹೊಸ್ತಿಲ ಪೂಜೆಗೆ ಹೂ ಹುಡುಕುತ್ತಿದ್ದೆವು. ನಮ್ಮ ಸೋಣ, ಪಂಚಾಂಗದ ಸಿಂಹ, ಅವರ ಚಿಂಗಂ, ಎಲ್ಲ ಒಂದೇ ತಿಂಗಳು. ಹೂವಿಗಾಗಿ ಜಗಳವಾಡಿದ್ದೆವು, ಎರಡು ಭಾಷೆಯಲ್ಲಿ. ನಾನು ಮಲಯಾಳ ಕಲಿತದ್ದು ಆ ಜಗಳಗಳಲ್ಲೇ. ಹಾಗಾಗಿ ಇಂದಿಗೂ ಆಫೀಸಿನಲ್ಲಿ ವಿನಯದಿಂದ ಮಾತಾಡಲು ತಡವರಿಸುತ್ತೇನೆ, ಬಸ್ಸಿನಲ್ಲಿ ಬಾಯಿ ಮಾಡಲು ತೊಂದರೆಯಿಲ್ಲ.

ಆ ಚೆಂದದ ಹೂವಿನ ಗಿಡ ಹುಳ ತಿಂದು ಬದುಕುವಂಥದು ಎಂದು ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಮುರಕಲ್ಲಿನಲ್ಲಿ ಸಾರವಿಲ್ಲ. ಅದಕ್ಕೇ ಒದ್ದೆ ಮಣ್ಣಿನೊಳಗೆ ಸಣ್ಣ ಸಣ್ಣ ಚೀಲ ಬಿಟ್ಟು, ಹತ್ತಿರ ಬಂದ ಜೀವಿಗಳನ್ನು ಒಳಕ್ಕೆಳೆದುಕೊಳ್ಳುತ್ತದೆ. ಬಂಜರು ಎಂದು ಕಾಗದದಲ್ಲಿ ಬರೆಸಿಕೊಂಡ ಜಾಗದಲ್ಲಿ ಹೀಗೂ ಒಂದು ಸಂಸಾರ.

ಡಿಸೆಂಬರಿಗೆ ಮುಳಿಹುಲ್ಲು ಬಲಿಯುತ್ತಿತ್ತು. ಹಟ್ಟಿಯ ಮಾಡಿಗೆ ಅದೇ. ಹಟ್ಟಿಯೊಳಗೆ ಹಾಸಲು ಗುಡ್ಡೆಯ ಸೊಪ್ಪು, ಆ ಸೊಪ್ಪು ಗೊಬ್ಬರವಾಗಿ ಅಡಿಕೆಯ ಬುಡಕ್ಕೆ. ನೀರಿಗೂ ಗುಡ್ಡೆಯೇ ಗತಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಆದರೂ ಮಾರ್ಚಿಗೆ ತೋಡು ಒಣಗುತ್ತದೆ. ಮೇಲಿನ ಕಲ್ಲು ಕುಡಿದಿಟ್ಟುಕೊಂಡ ನೀರು, ಗುಡ್ಡೆಯ ಬದಿಯಲ್ಲಿ ಅಜ್ಜ ತೋಡಿಸಿದ ಸುರಂಗದಲ್ಲಿ ಬೆರಳು ದಪ್ಪದ ಧಾರೆಯಾಗಿ ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಮಲಯಾಳದಲ್ಲಿ ತುರಂಗಂ. ಹೆಸರು ಯಾವುದಾದರೇನು, ಒಳಗೆ ತಣ್ಣಗೆ ಕತ್ತಲೆ, ಬಾವಲಿಗಳ ವಾಸನೆ. ನಮ್ಮ ಕುಟುಂಬ ಬದುಕಿದ್ದು ತನ್ನದಲ್ಲದ ಜಾಗದ ದಯೆಯಿಂದ ಎಂದು ಲೆಕ್ಕ ಹಾಕಿದವರಿಲ್ಲ. ತೀರ್ವೆ ಕಟ್ಟಿದ್ದು ತೋಟಕ್ಕೆ ಮಾತ್ರ.

ಕೃತಜ್ಞತೆ ಎಂಬ ಪದ ನಮ್ಮ ಕಡೆ ಸನ್ಮಾನಪತ್ರಗಳಲ್ಲಷ್ಟೇ ಸಿಗುತ್ತದೆ. ಬಾಯಲ್ಲಿ ಹೇಳುವುದು “ಉಪಕಾರ ಆಯಿತು” ಎಂದು. ಉಪಕಾರವೆಂದರೂ ನೆರವೇ, ಕುಮ್ಕಿಯೆಂದರೂ ನೆರವೇ. ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಲು ನನಗೆ ಐವತ್ತು ದಾಟಬೇಕಾಯಿತು.

ಗುಡ್ಡೆಯನ್ನು ಪೂಜಿಸಿದ ಸಂತನೇನೂ ನಾನಲ್ಲ. ಈಗಿನ ನಮ್ಮ ಮನೆಯ ಗೋಡೆ ಎದ್ದದ್ದು ಅಡ್ಕದ ಆಚೆ ತಲೆಯ ಕೋರೆಯ ಕೆಂಪುಕಲ್ಲಿನಿಂದ. ಕಡಿಯುವಾಗ ಮೆತ್ತಗೆ, ಗಾಳಿಬಿಸಿಲು ತಾಗಿದ ಮೇಲೆ ಗಟ್ಟಿ. ಬುಕಾನನ್ ಎಂಬ ಬ್ರಿಟಿಷ್ ವೈದ್ಯ ಮಲಬಾರಿನಲ್ಲಿ ಇದನ್ನು ನೋಡಿ 1807ರ ಪುಸ್ತಕದಲ್ಲಿ ಲ್ಯಾಟರೈಟ್ ಎಂದ; ಲ್ಯಾಟಿನ್ನಿನಲ್ಲಿ ಇಟ್ಟಿಗೆ. ಇಟ್ಟಿಗೆ ಎಂದು ಕರೆದ ಮೇಲೆ ಯಾರು ಬಿಡುತ್ತಾರೆ? ಕಾಕ್ಕಪ್ಪೂ ಅರಳುತ್ತಿದ್ದ ಅರ್ಧ ಅಡ್ಕ ಈಗ ಮೆಟ್ಟಿಲು ಮೆಟ್ಟಿಲಾದ ಹೊಂಡ. ಅದರಲ್ಲಿ ನನ್ನ ಪಡಸಾಲೆಯ ಪಾಲೂ ಉಂಟು.

ಹುಡುಗರನ್ನು ಮೇಲಕ್ಕೆ ಕರೆದುಕೊಂಡು ಹೋದೆ. ಯಂತ್ರ ನಿಲ್ಲಿಸಿ ಕೆಲಸ ಮುಗಿಸುವ ಹೊತ್ತಿಗೆ ತೆಂಕಿನವನು ಕಾಣಲಿಲ್ಲ. ಕುಂಟಲದ ಪೊದೆಯ ಹಿಂದಿದ್ದ, ನಾಲಿಗೆ ನೇರಳೆ. ತಲೆಗೆ ಇಟ್ಟುಕೊಳ್ಳಲಿ ಎಂದು ಅಮ್ಮ ಕೊಟ್ಟಿದ್ದ ಹಾಳೆಟೊಪ್ಪಿಯ ತುಂಬ ಹಣ್ಣು. ಕಾಗದದಲ್ಲಿ ಗುಡ್ಡೆಗೆ ‘ತರಿಶ್’ ಎಂದು ಬರೆದುಕೊಂಡ. ಅಂದರೆ ಪಾಳು. ಬರೆದ ಪೆನ್ನಿಗೂ ಕುಂಟಲದ ರಸ ಮೆತ್ತಿತ್ತು.

ನಾಲ್ಕು ದಿನ ಬಿಟ್ಟು ಫೋನು ಬಂತು. ಕಾಗದಪತ್ರ ಏನೋ ಕಮ್ಮಿಯಾಗಿರಬೇಕು ಎಂದು ಹೆದರಿದೆ.

“ಚೇಟ್ಟಾ, ಆ ಕುಂಕಿಯಲ್ಲಿ ಇನ್ನೂ ಹಣ್ಣುಂಟಾ? ಭಾನುವಾರ ಬರಬಹುದಾ?” ಎಂದು ಅವನ ಮಲಯಾಳದಲ್ಲಿ ಕೇಳಿದ.

“ಎನ್ನೋಡ್ ಚೋದಿಕ್ಕಂಡ. ಅದ್ ಎಂಡೇದಲ್ಲ. ನೀ ವಾ” ಎಂದೆ. ನನ್ನ ಹತ್ತಿರ ಕೇಳಬೇಡ, ಅದು ನನ್ನದಲ್ಲ, ನೀನು ಬಾ.