ಅಬ್ಬಾರ ಸೀಟು, ತಂಗಿಯ ಕ್ಲಿಪ್ಪು

ನಮ್ಮ ಅಬ್ಬಾ ಟಿಪ್ಪರ್ ಓಡಿಸುತ್ತಾರೆ. ಮೊದಲು ಪಾಂಡವಪುರ ಕಡೆ ಜಲ್ಲಿ ತುಂಬಿ, ಶ್ರೀರಂಗಪಟ್ಟಣದ ಸುತ್ತಮುತ್ತ ಇಳಿಸಿ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದರು. ಬೇಬಿ ಬೆಟ್ಟದ ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೇ ಎಂಬ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯಿಂದ 20 ಕಿ.ಮೀ. ಸುತ್ತ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಕಟ್ಟೆ ಉಳಿಯಬೇಕು, ನಮ್ಮ ಮನೆಯಲ್ಲೂ ಅದಕ್ಕೆ ಎರಡು ಮಾತಿಲ್ಲ. ಆದರೆ ಅಬ್ಬಾರ ಲೋಡು ದೂರ ಹೋಯಿತು. ಈಗ ಕೆ.ಆರ್.ಪೇಟೆ, ನಾಗಮಂಗಲ ರಸ್ತೆಗಳಲ್ಲಿ ದಿನಕ್ಕೆ ಹತ್ತು ಗಂಟೆ ಆ ಸೀಟಿನ ಮೇಲೆ. ಕಳೆದ ರಂಜಾನಿನಲ್ಲಿ ದಸ್ತರ್‌ಖಾನಿನ ಮುಂದೆ ನೆಲಕ್ಕೆ ಕೂರಲು ಅವರಿಗೆ ಆಗಲಿಲ್ಲ. ಕುರ್ಚಿ ಹಾಕಿಕೊಟ್ಟೆವು. ಡಾಕ್ಟರು, ಬೆನ್ನಿನ ಡಿಸ್ಕ್ ಜಾರಿದೆ ಅಂದರು.

ಅಮ್ಮಿ ಸೀಟಿಗೆ ಇನ್ನೊಂದು ಸ್ಪಂಜಿನ ದಿಂಬು ಹೊಲಿದುಕೊಟ್ಟರು. ನೋವು ಹೆಚ್ಚಾಯಿತು. ಯಾಕೆ ಎಂದು ನಮ್ಮ ಭೌತಶಾಸ್ತ್ರದ ಮೇಡಂ ಹತ್ತಿರ ಕೇಳಿದೆ. ಕೂತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ 4ರಿಂದ 8 ಸಲ ಮೇಲೆ-ಕೆಳಗೆ ಆಗುವ ಅಲುಗಾಟವೇ ಹೆಚ್ಚು ತಟ್ಟುತ್ತದಂತೆ. ಸ್ಪಂಜಿನ ಸೀಟಿನ ಸಹಜ ಆವೃತ್ತಿಯೂ ಸುಮಾರು 4 ಹರ್ಟ್ಸ್. ಹಾಗಾಗಿ ಅದು ಆ ಅಲುಗಾಟವನ್ನು ತಡೆಯುವುದಿಲ್ಲ, ಅನುರಣನೆಯಿಂದ ದೊಡ್ಡದು ಮಾಡುತ್ತದೆ. ಸಹಜ ಆವೃತ್ತಿಯ ಸುಮಾರು 1.4 ಪಟ್ಟು ದಾಟಿದ ಕಂಪನವನ್ನು ಮಾತ್ರ ಸ್ಪ್ರಿಂಗ್ ತಡೆಯುತ್ತದೆ.

ಸರಿ, ಸ್ಪ್ರಿಂಗ್ ಮೆತ್ತಗೆ ಮಾಡೋಣ ಎಂದು ಲೆಕ್ಕ ಹಾಕಿದೆ. 2 ಹರ್ಟ್ಸ್ ಬೇಕಾದರೆ ಕೂತ ಭಾರಕ್ಕೆ ಸ್ಪ್ರಿಂಗ್ 6 ಸೆಂ.ಮೀ. ಕುಸಿಯಬೇಕು. 1 ಹರ್ಟ್ಸ್‌ಗೆ 25 ಸೆಂ.ಮೀ. ಅರ್ಧ ಹರ್ಟ್ಸ್‌ಗೆ ಹತ್ತಿರ ಹತ್ತಿರ ಒಂದು ಮೀಟರ್! ಅಬ್ಬಾ ನಕ್ಕರು. "ಅಷ್ಟು ಕೆಳಗೆ ಹೋದ್ರೆ ರಸ್ತೆ ಯಾರಮ್ಮ ನೋಡೋದು?"

ಉತ್ತರ ತಂಗಿಯ ತಲೆಯಲ್ಲಿತ್ತು, ಟಿಕ್-ಟಿಕ್ ಕ್ಲಿಪ್ಪು. ಅದನ್ನು ಒತ್ತಿ ನೋಡಿ. ಮೊದಲು ಎದುರಿಸುತ್ತದೆ, ನಡುವೆ ದಾಟಿದ ಕೂಡಲೇ ನಿಮ್ಮ ಕೈಗಿಂತ ಮುಂದೆ ತಾನೇ ಓಡುತ್ತದೆ. ಸ್ಪ್ರಿಂಗ್ ಹಿಂದಕ್ಕೆ ತಳ್ಳಿದರೆ ಇದು ಮುಂದಕ್ಕೆ ತಳ್ಳುತ್ತದೆ. ಇದಕ್ಕೆ ನೆಗೆಟಿವ್ ಸ್ಟಿಫ್‌ನೆಸ್ ಎನ್ನುತ್ತಾರೆ, ಋಣ ಬಿಗಿತ. ಎರಡನ್ನೂ ಜೊತೆ ಕಟ್ಟಿದರೆ ಭಾರ ಹೊರುವುದು ಸ್ಪ್ರಿಂಗ್. ಸಣ್ಣ ಅಲುಗಾಟಕ್ಕೆ ಅದು ತೋರುವ ಪ್ರತಿರೋಧವನ್ನು ಇನ್ನೊಂದು ಕಳೆಯುತ್ತದೆ. 100ರಲ್ಲಿ 75 ಕಳೆದರೆ ಉಳಿದದ್ದು ಕಾಲುಭಾಗ, ಆವೃತ್ತಿ ಅರ್ಧ. ಕುಸಿತ ಮಾತ್ರ ಅದೇ 6 ಸೆಂ.ಮೀ.!

ಇದರ ಹತ್ತಿರದ ಸಂಬಂಧಿ ಹಳೆಯದು. 1932ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಲೂಸಿಯನ್ ಲಕೋಸ್ಟ್ ಎಂಬ ವಿದ್ಯಾರ್ಥಿಗೆ ಅವನ ಗುರು ಆರ್ನಾಲ್ಡ್ ರೋಂಬರ್ಗ್ ಒಂದು ಭೂಕಂಪಮಾಪಕ ವಿನ್ಯಾಸ ಮಾಡಲು ಹೇಳಿದರು. ನೆಲ ಅಲುಗಿದರೂ ಒಳಗಿನ ಭಾರ ನಿಂತಲ್ಲೇ ನಿಲ್ಲಬೇಕು, ಆಗಲೇ ಅಳತೆ ಸಿಗುವುದು. ಲಕೋಸ್ಟ್ ಸ್ಪ್ರಿಂಗನ್ನು ಓರೆಯಾಗಿ ಜೋಡಿಸಿ, ಭಾರವನ್ನು ಹಿಂದಕ್ಕೆ ಎಳೆಯುವ ಬಲ ಬಹುತೇಕ ಸೊನ್ನೆಯಾಗುವಂತೆ ಮಾಡಿದ. ಕನ್ನಂಬಾಡಿ ಕಟ್ಟೆಯ ಬಳಿ ನೆಲದ ನಡುಕ ಬರೆದುಕೊಳ್ಳುವ ಯಂತ್ರಕ್ಕೂ, ಅಬ್ಬಾರ ಬೆನ್ನಿಗೂ ಬೇಕಾದದ್ದು ಒಂದೇ ಎಂದು ಆವತ್ತು ಹೊಳೆಯಿತು.

ನಾನು ಎರಡು ಸ್ಟೀಲ್ ಸ್ಕೇಲುಗಳನ್ನು ಮರದ ತುಂಡುಗಳ ನಡುವೆ ತುದಿಯಿಂದ ಒತ್ತಿ ಹಿಡಿಸಿ, ಅವುಗಳ ನಡುಭಾಗವನ್ನು ಸ್ಪ್ರಿಂಗಿನ ತಲೆಗೆ ಕಟ್ಟಿದೆ. ಮೊದಲ ದಿನ ಸ್ಕೇಲು ಹಾರಿ ಟೀ ಲೋಟ ಒಡೆಯಿತು. ನಾಲ್ಕನೇ ದಿನ ನಿಂತಿತು. ಸ್ಕೇಲು ಇಲ್ಲದೆ 10 ಸೆಕೆಂಡಿಗೆ 20 ಸಲ ಆಡುತ್ತಿದ್ದ ತಟ್ಟೆ, ಸ್ಕೇಲು ಹಾಕಿದ ಮೇಲೆ 11 ಸಲ ಆಡಿತು. ಖುಷಿಗೆ ತಟ್ಟೆಯ ಮೇಲೆ ಇನ್ನೊಂದು ನಿಂಬೆಹಣ್ಣು ಇಟ್ಟೆ. ಟಕ್ ಎಂದು ಒಂದು ಕಡೆಗೆ ಬಿದ್ದುಹೋಯಿತು. ಇದರ ದೊಡ್ಡ ತೊಂದರೆಯೇ ಅದು. ಭಾರ ಬದಲಾದರೆ ಮತ್ತೆ ಸರಿಮಾಡಬೇಕು; ಋಣ ಹೆಚ್ಚಾದರೆ ನಿಲ್ಲುವುದೇ ಇಲ್ಲ.

ಅಬ್ಬಾ ಕುರ್ಚಿಯಲ್ಲಿ ಕೂತು ತಟ್ಟೆಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಆಡಿಸಿದರು. ಮಾರನೆಯ ದಿನ ವೇ ಬ್ರಿಡ್ಜ್‌ನಿಂದ ಫೋನು ಮಾಡಿದರು. "ಲಾರಿ ತೂಕ ಬಿಡು, ನನ್ನ ತೂಕ ಬರ್ಕೋ. ಎಪ್ಪತ್ತೊಂದು ಕೆಜಿ."