ಅಂಗಳದಲ್ಲಿ ಮಲಗಿದ ಬುಲೆಟ್ಟು

ಮಳೆ ಎರಡು ದಿನ ಬಿಡುವು ಕೊಟ್ಟಿದೆ, ತೋಟದಲ್ಲಿ ಕೊಳೆ ಎಷ್ಟು ಉದುರಿದೆ ಅಂತ ಎಲ್ಲರೂ ಲೆಕ್ಕ ಹಾಕ್ತಾ ಇರ್ತೀರಿ. ಇವತ್ತು ಅಡಿಕೆ ವಿಷಯ ಬೇಡ, ಬೈಕಿನ ವಿಷಯ ಬರೀತೀನಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈಗ ಒಂದು ಭಾರದ ಬೈಕು ನಿಂತಿದೆ. ತಗೊಂಡ ಮಗ ಬೆಂಗಳೂರಲ್ಲಿ, ಅದನ್ನ ಒಳಗೆ ಹೊರಗೆ ಮಾಡೋರು ಐವತ್ತು ದಾಟಿದ ನಾವು.

ಹೋದ ಭಾನುವಾರ ನಮ್ಮನೆ ಬುಲೆಟ್ಟು ಮಲಗಿತು. ರಸ್ತೇಲಲ್ಲ, ಘಾಟಿಯಲ್ಲೂ ಅಲ್ಲ, ನಮ್ಮನೆ ಅಂಗಳದಲ್ಲೇ. ಕೊಟ್ಟಿಗೆ ಮುಂದಿಂದ ಗೇಟಿನ ಕಡೆ ತಿರುಗಿಸ್ತಾ ಇದ್ದೆ, ಆಳು ನಡೆಯೋ ವೇಗ ಕೂಡ ಇರಲಿಲ್ಲ. ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿದ್ದಾಗ ಇಂಜಿನ್ ಗಕ್ಕನೆ ನಿಂತಿತು. ಬಲಗಾಲು ಊರೋಕೆ ಹೋದ್ರೆ ಆ ಕಡೆ ನೆಲ ಚರಂಡಿಗೆ ಇಳಿಜಾರು, ಮೇಲೆ ಮಳೆಗಾಲದ ಪಾಚಿ. ಕಾಲಿಗೆ ನೆಲ ಸಿಗೋ ಹೊತ್ತಿಗೆ ಬೈಕು ಅರ್ಧ ವಾಲಿತ್ತು. ಗೊನೆ ಭಾರಕ್ಕೆ ಬಾಳೆ ಒರಗುತ್ತಲ್ಲ, ಹಾಗೆ ನಿಧಾನಕ್ಕೆ ಮಲಗಿತು. ನಾನು ಕಾಲು ಎಳಕೊಂಡು ಪಕ್ಕಕ್ಕೆ ಸರಿದೆ, ಏನೂ ಆಗಲಿಲ್ಲ. ಜಗಲಿ ಮೇಲೆ ಮಗಳ ಮಾವನವರು, ಹೊಸ ಬೀಗರು, ಕಾಫಿ ಲೋಟ ಹಿಡಿದು ಕೂತಿದ್ರು. ಶುರುವಿಂದ ಕೊನೇ ತನಕ ಪೂರ್ತಿ ನೋಡಿದ್ರು.

ಮಾರಾಯ್ರೆ, ನಿಜವಾದ ಅಪಾಯ ಇರೋದು ಬಿದ್ದ ಮೇಲಿನ ಆ ಒಂದು ನಿಮಿಷದಲ್ಲಿ. ನಾಲ್ಕು ಜನ ಸೇರೋದ್ರೊಳಗೆ ಎತ್ತಿ ನಿಲ್ಲಿಸಿಬಿಡ್ಬೇಕು ಅಂತ ಒಂದು ಹುಚ್ಚು ಶಕ್ತಿ ಬರುತ್ತೆ. ನಮ್ಮ ಪಕ್ಕದ ಹಳ್ಳಿಯವರೊಬ್ಬರು ಹಾಗೇ ಬಗ್ಗಿ, ಹ್ಯಾಂಡಲ್ ಹಿಡಿದು, ಒಂದೇ ಉಸಿರಿಗೆ ಎತ್ತಿದ್ರು. ಬೈಕು ಎದ್ದಿತು, ಅವರು ಮಲಗಿದ್ರು. ಮೂರು ತಿಂಗಳು ಸೊಂಟಕ್ಕೆ ಬೆಲ್ಟು, ಆ ವರ್ಷದ ಕೊಯ್ಲು ಪೂರ್ತಿ ಬೇರೆಯವರ ಕೈಲಿ. ಬೈಕಿಗೆ ಆಗಿದ್ದು ಒಂದು ಗೀರು ಅಷ್ಟೆ. ಅವರನ್ನ ಕೆಡವಿದ್ದು ಬೈಕಲ್ಲ, ನಾಚಿಕೆ.

ಲೆಕ್ಕ ನೋಡಿ. ಸ್ಪ್ಲೆಂಡರ್ 110 ಕೆಜಿ ಆಸುಪಾಸು. ಬುಲೆಟ್ 350 ಅಂದ್ರೆ 190 ಕೆಜಿ ದಾಟುತ್ತೆ, ಹತ್ತಿರ ಹತ್ತಿರ ನಾಲ್ಕು ಹಿಂಡಿ ಚೀಲ. ನಾಲ್ಕು ಚೀಲ ಒಟ್ಟಿಗೆ ಕಟ್ಟಿ ಎತ್ತಿ ಅಂದ್ರೆ ಯಾರೂ ಕೈ ಹಾಕಲ್ಲ. ಬೈಕಾದ್ರೆ ಯಾಕೆ ಹಾಕ್ತೀವಿ? ಓಡೋವಾಗ ಬೈಕು ತನ್ನ ಭಾರ ತಾನೇ ನೋಡ್ಕೊಳ್ಳುತ್ತೆ. ನಿಲ್ಲೋ ಹೊತ್ತಲ್ಲಿ ಆ ಭಾರ ನಮ್ಮ ಕಾಲಿನ ಲೆಕ್ಕಕ್ಕೆ ಬರುತ್ತೆ. ನೆಟ್ಟಗಿದ್ದಾಗ ಒಂದು ಕೈಲಿ ಹಿಡೀಬಹುದು, ಸ್ವಲ್ಪ ಜಾಸ್ತಿ ವಾಲಿದ್ರೆ ಪೈಲ್ವಾನನ ಕೈಲೂ ಆಗಲ್ಲ. ವಾಲಿದ ಬೈಕಿಗೆ ಕಾಲು ಅಡ್ಡ ಕೊಡಬೇಡಿ. ಬಿಟ್ಟು ಸರೀರಿ. ಲಿವರ್ ಸಂತೆ ಪೇಟೇಲೂ ಸಿಗುತ್ತೆ, ಮೊಣಕಾಲು ಸಿಗಲ್ಲ.

ನಾನು ಕೀ ಆಫ್ ಮಾಡಿ, "ಬನ್ನಿ ಬೀಗರೇ, ಒಂದು ಕೈ ಹಾಕಿ" ಅಂದೆ. ಅವರು ಯೆಜ್ಡಿ ಕಾಲದವರು. ಮೈಸೂರಿನ ಆ ಕಾರ್ಖಾನೆ 1996ರಲ್ಲೇ ಮುಚ್ಚಿದ್ರೂ ಅವರ ಮನೇಲಿ ಗಾಡಿ ಇನ್ನೂ ಓಡ್ತಾ ಇದೆ. ಲೋಟ ಕೆಳಗಿಟ್ಟು ಬಂದು ಕ್ರಮ ಹೇಳಿಕೊಟ್ರು.

ಮೊದಲು ಪೆಟ್ರೋಲ್ ಸೋರ್ತಿದೆಯಾ ನೋಡಿ, ಬೀಡಿ ಸೇದೋರಿದ್ರೆ ದೂರ ಕಳಿಸಿ. ಸೈಲೆನ್ಸರ್ ಸುಡ್ತಾ ಇರುತ್ತೆ, ಬರೀ ಕಾಲು ತಾಗಿಸಬೇಡಿ. ಬಲಕ್ಕೆ ಬಿದ್ದಿದ್ರೆ ಎತ್ತೋಕೆ ಮುಂಚೆನೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ, ಇಲ್ಲಾಂದ್ರೆ ಎದ್ದ ಬೈಕು ಆ ಕಡೆ ಮಲಗುತ್ತೆ. ಎಡಕ್ಕೆ ಬಿದ್ದಿದ್ರೆ ಆ ಕಡೆ ಒಬ್ಬರನ್ನ ನಿಲ್ಲಿಸಿ. ಚಕ್ರ ಉರುಳದ ಹಾಗೆ ಗೇರಿಗೆ ಹಾಕಿ, ಅಥವಾ ಹಳೇ ಟ್ಯೂಬಿನ ತುಂಡಲ್ಲಿ ಮುಂದಿನ ಬ್ರೇಕು ಕಟ್ಟಿ. ಆಮೇಲೆ ಬೈಕಿಗೆ ಬೆನ್ನು ಕೊಟ್ಟು, ಸೀಟಿಗೆ ಕುಂಡೆ ಒತ್ತಿ ಕುಕ್ಕರುಗಾಲಲ್ಲಿ ಕೂರಿ. ಒಂದು ಕೈ ಹ್ಯಾಂಡಲ್ ತುದಿ, ಇನ್ನೊಂದು ಕೈ ಹಿಂದಿನ ಕಬ್ಬಿಣ. ಬೆನ್ನು ಬಗ್ಗಿಸದೆ ಕಾಲಲ್ಲೇ ಒತ್ತಿ, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡಿ. ಇಬ್ಬರಿದ್ರೆ ಒಬ್ಬರು ಹ್ಯಾಂಡಲ್, ಒಬ್ಬರು ಬಾಲ. ಎದ್ದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಐದು ನಿಮಿಷ ಬಿಟ್ಟು, ಬ್ರೇಕು, ಕ್ಲಚ್ಚು, ಹ್ಯಾಂಡಲ್ ಸರಿ ಇದೆಯಾ ನೋಡಿ. ನಮ್ಮದರಲ್ಲಿ ಕನ್ನಡಿ ಒಡೆದಿತ್ತು, ಬ್ರೇಕ್ ಲಿವರ್ ಸ್ವಲ್ಪ ಬಗ್ಗಿತ್ತು, ಅಷ್ಟೆ. ಲೆಗ್ ಗಾರ್ಡ್ ಇದ್ದಿದ್ದಕ್ಕೆ ಟ್ಯಾಂಕ್ ಉಳೀತು.

ಬೀಳದ ಹಾಗೆ ಮಾಡೋಕೆ ಮೂರೇ ಕೆಲಸ. ಸಂಜೆ ಬಂದಾಗಲೇ ಬೈಕು ಗೇಟಿಗೆ ಮುಖ ಮಾಡಿ ನಿಲ್ಲಿಸಿ, ಆಗ ಹಗುರ ಬೆಳಕು, ಅವಸರ ಇರಲ್ಲ. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕು ಮುಟ್ಟಬೇಡಿ, ಹಿಂದಿಂದು ಸಾಕು. ಕೊಯ್ಲಿಗೆ ಮುಂಚೆ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜುತ್ತೀವಲ್ಲ, ಬೈಕು ತಿರುಗೋ ಜಾಗಕ್ಕೆ ಅದನ್ನ ಮಳೆಗಾಲದಲ್ಲೇ ಮಾಡಿ. ಅಲ್ಲಿ ಬೈಕಿಗಿಂತ ಮುಂಚೆ ಜಾರೋದು ಮನೆ ಹೆಂಗಸರು, ಹಾಲಿನ ಪಾತ್ರೆ ಹಿಡ್ಕೊಂಡು.

ಇನ್ನೊಂದು ಮಾತು. ಪಕ್ಕದ ಮನೆ ಅಂಗಳದಲ್ಲಿ ಧಡ್ ಅಂತ ಸದ್ದಾದ್ರೆ ಕಿಟಕೀಲಿ ನೋಡ್ತಾ ನಿಲ್ಲಬೇಡಿ. ಓಡಿ ಹೋಗಿ ಬಾಲ ಹಿಡೀರಿ. ನಗೋದು ಬೈಕು ನಿಂತ ಮೇಲೆ ಇಟ್ಕೊಳ್ಳಿ, ಬಿದ್ದವರೂ ಜೊತೆಗೆ ನಗ್ತಾರೆ.