ಹೋರಿಗಳ ಋತು

ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನ ತೊಡೆಯ ಮೇಲೆ ಒಂದು ಭಾರವಾದ ಗಂಟಿತ್ತು. ಒಳಗೇನೆಂದು ಕೇಳಿದೆ. "ಕೊಬ್ಬರಿ ಸಾರ್, ನಮ್ಮ ಹೋರಿಗೆ" ಎಂದ. ಹೋರಿಗೆ ಕೊಬ್ಬರಿ ತಿನ್ನಿಸುವಷ್ಟು ನಮ್ಮ ರೈತರು ಅನುಕೂಲವಂತರಾದರೇ ಎಂದು ಪಟ್ಟಣವಾಸಿಯಾದ ನಾನು ಬೆರಗಾದೆ. ಅವನು ನಕ್ಕು, "ತಿನ್ನಾಕಲ್ಲ ಸಾರ್, ಕೊರಳಿಗೆ ಕಟ್ಟಾಕೆ" ಎಂದು ನನ್ನನ್ನು ತಿದ್ದಿದ.

ಹಾಗೆ ಶಿಕಾರಿಪುರವನ್ನು ತಲಪುವ ಮೊದಲೇ ನಾನು ನೋಡಹೊರಟಿದ್ದ ಹೋರಿ ಹಬ್ಬದ ಮೊದಲ ಪಾಠ ನನಗಾಯಿತು.

ಶಿಕಾರಿಪುರ ಮತ್ತು ಸೊರಬ, ಇವೆರಡೂ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನ ತಾಲ್ಲೂಕುಗಳು. ಒಂದು ಕಡೆ ಅಡಕೆಯ ತೋಟ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ. ನಡುನಡುವೆ ಲೆಕ್ಕವಿಲ್ಲದಷ್ಟು ಕೆರೆಗಳು. ಇಲ್ಲಿಯ ಜನಕ್ಕೆ ದೀಪಾವಳಿ ಮೂರು ದಿನಕ್ಕೆ ಮುಗಿಯುವ ಹಬ್ಬವಲ್ಲ. ಬಲಿಪಾಡ್ಯಮಿಯಂದು ಗೋಪೂಜೆ ಮುಗಿಸಿ ಹೋರಿಯನ್ನು ಊರಬಾಗಿಲಿನಲ್ಲಿ ಓಡಿಸಿದರೆ ಋತು ಆರಂಭವಾದಂತೆ. ಅಲ್ಲಿಂದ ಸಂಕ್ರಾಂತಿ ಕಳೆದು ಬಿಸಿಲು ಬಲಿಯುವ ತನಕ ಇಂದು ಒಂದೂರು, ನಾಳಿದ್ದು ಇನ್ನೊಂದೂರು. ರಷ್ಯಾ ದೇಶದ ಸಣ್ಣ ಊರುಗಳಲ್ಲಿ ಕಾಲ್ಚೆಂಡಿನ ಪಂದ್ಯಗಳು ಹಿಮ ಕರಗಿದ ಮೇಲೆ ಮೊದಲಾಗಿ, ಮತ್ತೆ ಹಿಮ ಬೀಳುವುದರೊಳಗೆ ಮುಗಿಯುತ್ತವೆಯಂತೆ. ಇಲ್ಲಿ ಋತುವನ್ನು ಗೊತ್ತುಮಾಡುವುದು ಸುಗ್ಗಿ. ಅಲ್ಲಿರುವಂತೆ ಅಂಕಗಳ ಪಟ್ಟಿಯೊಂದು ಇಲ್ಲಿಲ್ಲ. ಆದರೆ ಯಾವ ಹೋರಿ ಯಾವ ಊರಿನಲ್ಲಿ ಒಂದೂ ಕೊಬ್ಬರಿ ಕಳೆದುಕೊಳ್ಳದೆ ಪಾರಾಯಿತೆಂಬುದನ್ನು ಚಹದಂಗಡಿಯಲ್ಲಿ ಕೂತ ಯಾವ ಹುಡುಗನಾದರೂ ಬಾಯಿಪಾಠ ಒಪ್ಪಿಸಬಲ್ಲ.

ಸ್ನೇಹಿತರೊಬ್ಬರ ಭಾವನವರ ಮನೆ ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದೆ. ಅಲ್ಲಿಗೆ ಹೋಗುವಾಗ ಬಳ್ಳಿಗಾವಿಯ ಕೇದಾರೇಶ್ವರನನ್ನೂ ತಾಳಗುಂದದ ಕದಂಬರ ಶಾಸನಸ್ತಂಭವನ್ನೂ ನೋಡದೆ ಮುಂದೆ ಸಾಗಿದ್ದಕ್ಕೆ ಓದುಗರು ನನ್ನನ್ನು ಕ್ಷಮಿಸಬೇಕು. ಅಂದು ನನ್ನ ಮನಸ್ಸೆಲ್ಲ ಹೋರಿಯ ಮೇಲಿತ್ತು.

ಭಾವನವರು ಜಗುಲಿಯಲ್ಲೇ ಸ್ವಾಗತಿಸಿ, "ಬರ್ರಿ, ಕೂಡ್ರಿ, ಮೊದಲು ನಮ್ಮ ಮಗನ್ನ ನೋಡ್ರಿ" ಎಂದು ಕೊಟ್ಟಿಗೆಗೆ ಕರೆದೊಯ್ದರು. ಅಲ್ಲಿ ನಿಂತಿತ್ತು ಅವರ ಹೋರಿ: ಬೂದುಬಣ್ಣ, ಹಿಂದಕ್ಕೆ ಬಾಗಿದ ನೀಳವಾದ ಕೊಂಬು, ಹಳ್ಳಿಕಾರ್ ತಳಿ. ಅಮೃತಮಹಲ್ ಹೋರಿಗಳೂ ಈ ಕಡೆ ಉಂಟು. ತಮಿಳುನಾಡಿನಿಂದ ಕೊಂಡು ತರುವವರೂ ಇದ್ದಾರೆ. ಇದಕ್ಕೆ ನೊಗದ ಕೆಲಸವಿಲ್ಲ. ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ ತಿನ್ನುವುದು, ಕೆರೆಯಲ್ಲಿ ಈಜುವುದು, ಓಡುವುದು, ಇಷ್ಟೇ ಇದರ ದಿನಚರಿ. ಅಷ್ಟನ್ನೂ ನೋಡಿಕೊಳ್ಳುತ್ತಿದ್ದವನು ಮನೆಯ ಕಿರಿಯ ಮಗ. ಅವನು ಒಂದು ಕಾಲನ್ನು ಎಳೆದು ನಡೆಯುತ್ತಿದ್ದುದನ್ನು ಗಮನಿಸಿದೆ, ಕೇಳಲು ಸಂಕೋಚವಾಯಿತು.

ಮರುದಿನ ಬೆಳಗ್ಗೆ ಹೋರಿಯ ಸಿಂಗಾರವೇ ಎರಡು ಗಂಟೆ ನಡೆಯಿತು. ಕೊಂಬಿನ ತುದಿಗೆ ಹಿತ್ತಾಳೆಯ ಅಣಸು, ಬೆನ್ನಿಗೆ ಕನ್ನಡಿ ಹೊಲಿದ ಜೂಲ, ಕಾಲಿಗೆ ಗೆಜ್ಜೆ, ಕೊಂಬುಗಳ ನಡುವೆ ಬಣ್ಣದ ಬಲೂನುಗಳು. ಕೊನೆಗೆ ಕೊರಳಿಗೆ ಒಣಕೊಬ್ಬರಿಯ ಸರ. ಇಲ್ಲಿ ಪ್ರತಿ ಹೋರಿಗೂ ಒಂದೊಂದು ಬಿರುದು, ಸಿನಿಮಾ ನಾಯಕನದೋ, ಪಾಳೆಯಗಾರನದೋ, ಚಂಡಮಾರುತದ್ದೋ. ಬಿರುದಿನ ಜೊತೆಗೆ ಒಂದೇ ಬಣ್ಣದ ಅಂಗಿ ತೊಟ್ಟ ಅಭಿಮಾನಿಗಳ ತಂಡ. ಹೆಸರಾದ ಹೋರಿ ಸತ್ತರೆ ಹೂವಿನಿಂದ ಅಲಂಕರಿಸಿ, ಮೆರವಣಿಗೆ ಮಾಡಿ ಮಣ್ಣು ಮಾಡುವುದುಂಟು.

ಅಖಾಡವೆಂದರೆ ಊರಿನ ಮುಖ್ಯ ಬೀದಿಯೇ. ಎರಡೂ ಬದಿಗೆ ಮರದ ಗಳಗಳ ಬೇಲಿ. ಬೇಲಿಯ ಹಿಂದೆ, ಮಾಳಿಗೆಗಳ ಮೇಲೆ, ಮರದ ಕೊಂಬೆಗಳಲ್ಲಿ ಜನ. ಬೀದಿಯ ಒಳಗೆ ಕೊಬ್ಬರಿ ಹರಿಯಲು ಬಂದ ತರುಣರು. ಧ್ವನಿವರ್ಧಕದಲ್ಲಿ ಊರಿನ ಹೆಸರು, ಹೋರಿಯ ಹೆಸರು, ಯಜಮಾನನ ಹೆಸರು ಕೂಗಿದ ಕೂಡಲೇ ತಮಟೆ, ಸೀಟಿ, ಪಟಾಕಿ, ಹಗ್ಗ ಬಿಟ್ಟರು. ಮುಂದಿನದು ಕೆಲವೇ ಕ್ಷಣಗಳ ಕಥೆ. ಗೆಜ್ಜೆಯ ಸದ್ದು, ಧೂಳು, ಗಾಳಿಯಲ್ಲಿ ಹಾರಿದ ಒಂದು ಬಲೂನು, ಕೊರಳಿಗೆ ಜೋತುಬಿದ್ದು ಹತ್ತು ಮಾರು ಎಳೆಯಿಸಿಕೊಂಡು ಹೋದ ಒಬ್ಬ ಹುಡುಗ. ಅವನ ಮುಷ್ಟಿಯಲ್ಲಿ ಒಂದು ಕೊಬ್ಬರಿ ಬಟ್ಟಲು! ಆ ಬಟ್ಟಲಿಗೆ ಸಂತೆಯಲ್ಲಿ ಏನು ಬೆಲೆಯೋ ಕಾಣೆ. ಅವನು ಅದನ್ನು ಎತ್ತಿ ಹಿಡಿದ ರೀತಿ ನೋಡಿದರೆ ರಾಜ್ಯವೇ ಕೈಸೇರಿದಂತಿತ್ತು. ಸಿಗದೆ ಪಾರಾದ ಹೋರಿಯ ಯಜಮಾನನಿಗೆ ಮೋಟಾರ್ ಸೈಕಲ್ಲೋ ಬಂಗಾರವೋ ಬಹುಮಾನವಿರುತ್ತದೆ. ಆದರೆ ಹೋರಿ ಸಾಕಲು ತಗಲುವ ಖರ್ಚಿನ ಮುಂದೆ ಅದು ದೊಡ್ಡದಲ್ಲವೆಂದು ಯಜಮಾನರೇ ಹೇಳುತ್ತಾರೆ.

ಈ ಆಟದ ಹಳೆಯ ಹೆಸರು ಹೋರಿ ಬೆದರಿಸುವುದು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಅಖಾಡದ ಬಾಯಲ್ಲಿ ನಿಂತ ಒಂದು ಎಳೆಯ ಹೋರಿಯ ಕಣ್ಣು ನೋಡಿದಾಗ. ಅದು ಜನರ ಮೇಲೆ ನುಗ್ಗುವುದು ಶೌರ್ಯದಿಂದಲ್ಲ. ಗದ್ದಲಕ್ಕೆ ಬೆದರಿ ದಾರಿ ಹುಡುಕುತ್ತದೆ. ಆ ದಾರಿಯಲ್ಲಿ ಯಾರು ನಿಂತಿದ್ದರೂ ಅದಕ್ಕೆ ಒಂದೇ. ಸ್ಪೇನಿನ ಪಾಂಪ್ಲೋನದಲ್ಲಿಯೂ ಗೂಳಿಗಳು ಬೀದಿಯಲ್ಲಿ ಓಡುತ್ತವೆ. ಆದರೆ ಸಂಜೆ ಅವು ಕೊಲ್ಲಲ್ಪಡುತ್ತವೆ. ಇಲ್ಲಿ ಹೋರಿ ಸಂಜೆ ಮನೆಗೆ ಬರುತ್ತದೆ. ಮನೆಗೆ ಬಾರದೆ ಹೋಗುವವರು ಒಮ್ಮೊಮ್ಮೆ ಮನುಷ್ಯರು. 2022ರ ದೀಪಾವಳಿಯಲ್ಲಿ ಈ ಜಿಲ್ಲೆಯಲ್ಲಿಯೇ ಪ್ರಾಣಹಾನಿಯಾಯಿತು.

ಕಾನೂನಿನ ದಾರಿಯೂ ನೇರವಾಗಿರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಗೂಳಿಗಳ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಹೋರಿಗಳ ಓಟಕ್ಕೂ ಅವಕಾಶ ಮಾಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಬೇಲಿ, ವೈದ್ಯರು, ಆಂಬುಲೆನ್ಸು ಇರುವ ಊರಿಗೂ ಇಲ್ಲದ ಊರಿಗೂ ಇರುವ ಅಂತರವನ್ನು ಮಾತ್ರ ಯಾವ ತೀರ್ಪೂ ತಾನಾಗಿ ಅಳಿಸಲಾರದು.

ಮಧ್ಯಾಹ್ನ ಬಿಡುವಿನಲ್ಲಿ ಕಿರಿಯ ಮಗ ನನ್ನನ್ನು ಊರ ಹೊರಗಿನ ವೀರಗಲ್ಲಿನ ಬಳಿ ಕರೆದೊಯ್ದ. ಸೊರಬ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ರೈಸರು 1904ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಈ ತಾಲ್ಲೂಕಿನ ಕಲ್ಲುಗಳೇ ಪುಟಗಟ್ಟಲೆ ತುಂಬಿವೆ. ಹಲವು ಕಲ್ಲುಗಳ ಕಥೆ ಒಂದೇ: ತುರುಗೊಳ್. ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋದರು, ಊರಿನವನೊಬ್ಬ ಕಾದಿ ದನ ಬಿಡಿಸಿ ತಾನು ಮಡಿದ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಲ್ಲನ್ನು ನೋಡುತ್ತ ಹುಡುಗ ತಾನಾಗಿಯೇ ಹೇಳಿದ: "ನಾನು ಹರಿಯಾಕೆ ಇಳಿದಿರಲಿಲ್ಲ ಸಾರ್. ಬದಿಗೆ ನಿಂತು ನೋಡ್ತಿದ್ದೆ. ತೊಡಿಗೆ ಬಿತ್ತು." ಎರಡು ವರ್ಷದ ಹಿಂದಿನ ಮಾತು. ಅದು ಬೇರೆ ಊರಿನ ಹೋರಿ. ಯಾವುದೆಂದು ಅವನು ಹೇಳಲಿಲ್ಲ.

"ಆದರೂ ಹೋರಿ ಸಾಕುತ್ತೀಯಲ್ಲಪ್ಪ?" ಎಂದೆ.

"ಅದೇನ್ ಮಾಡ್ತದೆ ಸಾರ್, ಹೆದರಿತ್ತು" ಎಂದ.

ಸಂಜೆ ಭಾವನವರ ಹೋರಿ ಒಂದೇ ಒಂದು ಕೊಬ್ಬರಿ ಕಳೆದುಕೊಂಡು ಮನೆಗೆ ಬಂತು. ಆ ಒಂದಕ್ಕಾಗಿ ಯಜಮಾನರ ಮುಖ ಸಪ್ಪಗಾಗಿತ್ತು. ದಿನವಿಡೀ ಅಡುಗೆಮನೆಯಿಂದ ಹೊರಬಾರದ ತಾಯಿ ಈಗ ಬಿಸಿನೀರಿನ ಕೊಡ ಹಿಡಿದು ಅಂಗಳಕ್ಕೆ ಬಂದರು. ಮೊದಲು ಕಿರಿಯ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೋರಿಯ ಕಾಲಿಗೆ ನೀರು ಹಾಕಿ, ಅಣಸು ಕಳಚಿ, ಇಬ್ಬರಿಗೂ ಒಟ್ಟಿಗೇ ದೃಷ್ಟಿ ತೆಗೆದರು. ಹಿರಿಯ ಮಗ ಮುಂದಿನ ಊರಿನ ಕರಪತ್ರವನ್ನು ಕಂಬಕ್ಕೆ ಅಂಟಿಸುತ್ತಿದ್ದ.

"ಗುರುವಾರಾನಾ?" ಎಂದು ಕೇಳಿದರು ತಾಯಿ.

"ಹೂಂ ಅವ್ವಾ."

"ಬುಧವಾರದೊಳಗೆ ಜೋಳ ಮುರಿದು ಮುಗೀಬೇಕು ಹಂಗಾದ್ರೆ. ಉಂಡು ಮಲಕ್ಕಳ್ರಿ" ಎಂದು ಅವರು ಒಳಗೆ ಹೋದರು.